ಚಿಗುರೆಲೆ, ಬೆಳ್ಳಿ ಮತ್ತು ಹಾಳು ನೀರು

‘ವೀಳ್ಯದೆಲೆ ತಿನ್ನೋದು ಬಿಟ್ಟು ಅದಕ್ಕೆ ಬೆಳ್ಳಿ ಸುರೀತೀರಲ್ಲ’ ಅಂತ ಲ್ಯಾಬಿನಲ್ಲಿ ನಕ್ಕವರಿದ್ದರು. ಅದೇ ಎಲೆಯಿಂದ ಮಾಡಿದ ಬೆಳ್ಳಿ ನ್ಯಾನೋ ಕಣಗಳು (ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಚೂರುಗಳು) ನಾಲ್ಕು ತಿಂಗಳಾದರೂ ತಳ ಕಚ್ಚಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಾಡುವ ಕ್ರಮ ಸರಳ. ದೇವರಾಜ ಮಾರುಕಟ್ಟೆಯ ಒಂದು ಕಟ್ಟು ಮೈಸೂರು ಚಿಗುರೆಲೆ. 10 ಗ್ರಾಂ ಎಲೆಗೆ 100 ಎಂಎಲ್ ನೀರು, ಹದಿನೈದು ನಿಮಿಷ ಕುದಿ. ಸೋಸಿದ ಕಷಾಯ ಒಂದು ಪಾಲು, ತೀರಾ ತೆಳುವಾದ (1 ಮಿಲಿಮೋಲಾರ್) ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿ ಲವಣದ ದ್ರಾವಣ, ಒಂಬತ್ತು ಪಾಲು. ಬೆಳ್ಳಿ ಕಣಗಳಾದರೆ ಕಂದು ಬಣ್ಣ ಬರಬೇಕು, ಅಲ್ವಾ? ನನಗೆ ಬಂದಿದ್ದು ಬಿಳಿ ಗಂಜಿ. ಬೆಳಕಿಗಿಟ್ಟರೆ ಅದು ನೇರಳೆಗೆ ತಿರುಗುತ್ತಿತ್ತು.

ಆರು ಬ್ಯಾಚ್ ಹೀಗೇ ಹೋಯಿತು. ಎಲೆ ಬಾಡಿರಬೇಕು ಅಂತ ಬೆಳಗಿನ ಜಾವವೇ ಮಾರುಕಟ್ಟೆಗೆ ಓಡಿದೆ. ನೈಟ್ರೇಟೇ ಕೆಟ್ಟಿದೆ ಅಂದುಕೊಂಡು ಹೊಸ ಬಾಟಲಿ ತರಿಸಿದೆ. 25 ಗ್ರಾಂಗೆ ಐದು ಸಾವಿರದ ಹತ್ತಿರ ಕೊಟ್ಟ ನೆನಪು, ಅದೂ ಕೈಯಿಂದ. ಮತ್ತೆ ಗಂಜಿ.

ಒಂದು ಸಂಜೆ ಬೇಜಾರಾಗಿ, ಎಲೆಯ ಕಷಾಯವೇ ಇಲ್ಲದೆ, ಕ್ಯಾನಿನ ನೀರಿಗೆ ಸುಮ್ನೆ ಎರಡು ಹನಿ ನೈಟ್ರೇಟ್ ಬಿಟ್ಟೆ. ಬೆಳ್ಳಗಾಯಿತು! ನೀರಿನಲ್ಲಿದ್ದ ಕ್ಲೋರೈಡ್ (ಉಪ್ಪಿನ ಅಂಶ) ಬೆಳ್ಳಿಯ ಜೊತೆ ಸೇರಿ ಗಂಜಿಯಾಗುತ್ತಿತ್ತು. ಡಿಸ್ಟಿಲ್ಡ್ ಅಂತ ಬರೆದಿದ್ದ ಕ್ಯಾನಿಗೆ ಯಾರೋ ಬೋರ್‌ವೆಲ್ ನೀರು ತುಂಬಿಟ್ಟಿದ್ದರು. ಯಾರು ಅಂತ ಕೇಳಬೇಡಿ. ಅವತ್ತಿನಿಂದ ಎಲೆ ತೊಳೆಯುವ ಕೊನೆಯ ನೀರು, ಫ್ಲಾಸ್ಕ್ ಜಾಲಿಸುವ ನೀರು ಎಲ್ಲ ಡಬಲ್ ಡಿಸ್ಟಿಲ್ಡ್. ಮಾರನೇ ದಿನವೇ ಕಾಫಿ ಡಿಕಾಕ್ಷನ್ ಬಣ್ಣ ಬಂತು.

‘ಅದು ಕಷಾಯದ್ದೇ ಬಣ್ಣ’ ಅಂದರು ನಮ್ಮ ಗೈಡ್. ಸರಿ, ಕಷಾಯ ಒಂದನ್ನೇ, ನೈಟ್ರೇಟ್ ಒಂದನ್ನೇ, ಎರಡೂ ಬೆರೆಸಿದ್ದನ್ನು, ಮೂರನ್ನೂ, ದ್ರಾವಣ ಯಾವ ಬೆಳಕನ್ನು ಹೀರುತ್ತದೆ ಅಂತ ತೋರಿಸುವ ಯುವಿ-ವಿಸಿಬಲ್‌ಗೆ ಇಟ್ಟೆ. ಬೆರೆಸಿದ್ದರಲ್ಲಿ ಮಾತ್ರ 425 ನ್ಯಾನೋಮೀಟರ್ ಸುತ್ತ ಚೆಂದದ ಪೀಕ್, ಬೆಳ್ಳಿ ನ್ಯಾನೋ ಕಣಗಳ ಗುರುತು. ಸರ್ ಎರಡು ಸಲ ನೋಡಿದರು, ಏನೂ ಅನ್ನಲಿಲ್ಲ.

ಆದರೆ ಬಣ್ಣಕ್ಕೆ ರಾತ್ರಿಯಿಡೀ ಕಾಯಬೇಕಿತ್ತು. ಕಾಸ್ಟಿಕ್ ಸೋಡಾ ಹನಿಸಿ ಪಿಎಚ್ ಏರಿಸಿದ ಮೇಲೆ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಕೈ ಜಾಸ್ತಿಯಾದರೆ ಸಿಲ್ವರ್ ಆಕ್ಸೈಡ್ ಕೆಸರು ಕೂರುತ್ತದೆ, ಹುಷಾರು. ಎಷ್ಟಕ್ಕೆ ನಿಲ್ಲಿಸಿದೆ ಅನ್ನೋದನ್ನು ಸಂಶೋಧನಾ ಪೇಪರ್ ಬರುವವರೆಗೆ ಹೇಳುವುದಿಲ್ಲ. ಸೋಸುವ ಮುಂಚೆ ಕಷಾಯಕ್ಕೆ ಮಾಡುವ ಒಂದು ಸಣ್ಣ ಉಪಚಾರವೂ ಇದೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ನಂಜನಗೂಡು ರಸಬಾಳೆ ಸಿಪ್ಪೆಯನ್ನೂ ನೋಡಿದೆ. ಬಣ್ಣ ಬಂತು, ಎರಡೇ ದಿನಕ್ಕೆ ತಳ ಸೇರಿತು. ಮಂಡ್ಯದ ಮಾವನ ಗದ್ದೆಯ ಕಬ್ಬಿನ ಸೋಗೆ ಅದಕ್ಕಿಂತ ನಿಧಾನ. ಚಿಗುರೆಲೆ ಫ್ಲಾಸ್ಕನ್ನೇ ತಾರಸಿಯ ಬಿಸಿಲಿಗಿಟ್ಟಾಗ ಹತ್ತು ನಿಮಿಷದಲ್ಲಿ ಕಂದಾಯಿತು, ಆದರೆ ಪೀಕ್ ದಪ್ಪ, ಕಣಗಳ ಗಾತ್ರ ಹೇಗೆಂದರೆ ಹಾಗೆ.

ಬ್ಯಾಕ್ಟೀರಿಯಾ ಪ್ಲೇಟಿನಲ್ಲಿ ಮೊದಲ ಸಲ, ಗಾಯ ಕೀವಾಗಿಸುವ ಸ್ಟ್ಯಾಫ್‌ಗೆ 18 ಮಿಲಿಮೀಟರ್ ಝೋನ್, ಅಂದರೆ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ. ಕುಣಿದಾಡಿದೆ. ಆಮೇಲೆ ಹೊಳೆಯಿತು, ಕಣ ತೊಳೆದೇ ಇಲ್ಲ, ಉಳಿದ ನೈಟ್ರೇಟೇ ಕೊಂದಿರಬಹುದು. ಸೆಂಟ್ರಿಫ್ಯೂಜಿನಲ್ಲಿ ಮೂರು ಸಲ ತೊಳೆದ ಮೇಲೆ 13. ಕಡಿಮೆಯೇ, ಆದರೆ ಕಣಗಳದ್ದು. ಇಲ್ಲೂ ನೀರಿನ ಪಾಠ ಮರೆತು ಒಂದು ಬ್ಯಾಚನ್ನು ಉಪ್ಪುನೀರಿನ ಸಲೈನ್‌ನಲ್ಲಿ ಕದಡಿದೆ. ಉಪ್ಪು ತಾಗಿದ್ದೇ ತಡ, ಕಣಗಳೆಲ್ಲ ಗುಂಪುಗೂಡಿ ಬೂದಿಯಂತಾದವು. ಟಿಇಎಂಗೆ (ಕಣಗಳ ಚಿತ್ರ ತೆಗೆಯುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಅಂತ ಎತ್ತಿಟ್ಟಿದ್ದ ಮೂರು ಸಾವಿರವನ್ನು ಇನ್ನೊಂದು ತಿಂಗಳು ಹಾಗೇ ಇಟ್ಟುಕೊಂಡೆ. ಆಮೇಲೆ ಬಂದ ಚಿತ್ರದಲ್ಲಿ ಬಹುತೇಕ 15ರಿಂದ 30 ನ್ಯಾನೋಮೀಟರ್, ದುಂಡಗೆ.

ಈಗ ಗಾಯದ ಪಟ್ಟಿಯ ಗಾಜ್ ಬಟ್ಟೆಯನ್ನು ಅದರಲ್ಲಿ ಅದ್ದಿ ಒಣಗಿಸುತ್ತಿದ್ದೇನೆ. ಅಮ್ಮ ಅವರ ಹಿಮ್ಮಡಿ ಒಡಕಿಗೆ ಒಂದು ತುಂಡು ಕೇಳಿದರು. ಸೆಲ್ ಟಾಕ್ಸಿಸಿಟಿ (ನಮ್ಮ ಜೀವಕೋಶಗಳಿಗೆ ವಿಷವೇ ಅನ್ನುವ ಪರೀಕ್ಷೆ) ಇನ್ನೂ ಬಾಕಿ ಇದೆ ಅಂದೆ. ‘ಅದೇನೋ ಬಾಕಿ ತೀರಿಸಿಕೊಂಡು ಬೇಗ ಕೊಡಪ್ಪ’ ಅಂದರು.