ಎತ್ತರದ ಮಗು, ವಾಲುವ ಆ್ಯಂಕಲ್: ಇನ್‌ಲೈನ್ ಸ್ಪೀಡ್ ಸ್ಕೇಟ್ ಆರಿಸುವುದು ಹೇಗೆ?

ಸ್ಕೇಟಿಂಗ್ ರಿಂಕ್ ಪಕ್ಕ ಒಂದು ಗಂಟೆ ನಿಂತರೆ ಸಾಕು, ಇದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಹದಿನಾಲ್ಕು–ಹದಿನೈದರ ಹುಡುಗ, ಆಗಲೇ ಅಪ್ಪನಿಗಿಂತ ಎತ್ತರ, ಕಾಲಲ್ಲಿ ಹೊಚ್ಚ ಹೊಸ ಇನ್‌ಲೈನ್ ಸ್ಕೇಟ್, ಅಂದರೆ ವೀಲ್‌ಗಳೆಲ್ಲ ಒಂದೇ ಸಾಲಿನಲ್ಲಿರುವುದು. ಎರಡೂ ಆ್ಯಂಕಲ್ ಒಳಕ್ಕೆ ವಾಲಿವೆ, ಮೊಣಕಾಲುಗಳು ಒಂದಕ್ಕೊಂದು ತಾಗುವಂತಿವೆ. ಕಂಬಿ ಆಚೆಯಿಂದ ಅಪ್ಪ ‘ಲೇಸ್ ಇನ್ನೂ ಟೈಟಾಗಿ ಕಟ್ಟೋ’ ಅಂತಿರುತ್ತಾರೆ. ಹುಡುಗ ಕಟ್ಟಿದಷ್ಟೂ ಪಾದ ಜೋಮು ಹಿಡಿಯುತ್ತದೆಯೇ ಹೊರತು ಆ್ಯಂಕಲ್ ನೆಟ್ಟಗಾಗುವುದಿಲ್ಲ. ತಪ್ಪು ಹುಡುಗನದಲ್ಲ, ಅಂಗಡಿಯಲ್ಲಿ ಆರಿಸಿದ್ದರದು.

ಇಂಥ ಮಕ್ಕಳು ಈಗ ಜಾಸ್ತಿಯಾಗಿದ್ದಾರೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಸ್ಪೀಡ್ ಸ್ಕೇಟಿಂಗ್ 3000 ಮೀಟರ್ ರಿಲೇಯಲ್ಲಿ ನಮ್ಮ ಹುಡುಗರಿಗೂ ಹುಡುಗಿಯರಿಗೂ 2023ರ ಅಕ್ಟೋಬರ್‌ನಲ್ಲಿ ಕಂಚು ಬಂತು. 2025ರಲ್ಲಿ ಚೆನ್ನೈನ ಆನಂದ್‌ಕುಮಾರ್ ವೇಲ್‌ಕುಮಾರ್ ವಿಶ್ವ ಚಾಂಪಿಯನ್ ಆದರು. ಮುಂದೆರಡು ಹಿಂದೆರಡು ವೀಲ್ ಇರುವ ಕ್ವಾಡ್ ಸ್ಕೇಟ್‌ನಲ್ಲಿ ಕಲಿತ ಮಕ್ಕಳೆಲ್ಲ ಇನ್‌ಲೈನ್ ಬೇಕು ಅನ್ನುತ್ತಿರುವುದು ಸಂತೋಷದ ವಿಷಯವೇ. ಆದರೆ ವಿಡಿಯೋದಲ್ಲಿ ಚಾಂಪಿಯನ್‌ಗಳ ಕಾಲಲ್ಲಿ ಕಾಣುವ ತಗ್ಗು ಶೂ, ದೊಡ್ಡ ವೀಲ್ ನೋಡಿ ಅದನ್ನೇ ಕೊಳ್ಳಲು ಹೊರಟರೆ ಕಷ್ಟ.

ಮೊದಲು ಬರಿಗಾಲಲ್ಲಿ ನೋಡಿ

ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ, ಹಿಂದೆ ಕೂತು ಹಿಮ್ಮಡಿ ನೋಡಿ. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವಿನ ಗೆರೆ ನೆಟ್ಟಗಿದೆಯಾ, ಒಳಕ್ಕೆ ಬಾಗಿದೆಯಾ? ಆಮೇಲೆ ಒಂದೇ ಕಾಲಲ್ಲಿ ಅರ್ಧ ನಿಮಿಷ ನಿಲ್ಲಲು ಹೇಳಿ. ಬರಿಗಾಲಲ್ಲೇ ಪಾದ ಒಳಕ್ಕೆ ಕುಸಿಯುತ್ತಿದ್ದರೆ ದುರ್ಬಲ ಆ್ಯಂಕಲ್ ಅಥವಾ ಚಪ್ಪಟೆ ಪಾದ ಇರಬಹುದು. ಬರಿಗಾಲಲ್ಲಿ ನೆಟ್ಟಗೆ ನಿಂತು ಸ್ಕೇಟ್‌ನಲ್ಲಿ ಮಾತ್ರ ವಾಲಿದರೆ, ಹೆಚ್ಚಿನ ಸಲ ಅದು ಶೂ ಅಥವಾ ಫ್ರೇಮ್ (ಶೂ ಕೆಳಗೆ ವೀಲ್‌ಗಳನ್ನು ಹಿಡಿದಿರುವ ಪಟ್ಟಿ) ಸಮಸ್ಯೆ. ಹಿಂದೆ ಉಳುಕಿದ್ದು ಇನ್ನೂ ನೋಯುತ್ತಿದ್ದರೆ, ಊತ ಇದ್ದರೆ, ಅಂಗಡಿಗಿಂತ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.

ಎತ್ತರದ ಮಕ್ಕಳಿಗೆ ಇದು ಯಾಕೆ ಜಾಸ್ತಿ ಕಾಡುತ್ತದೆ ಅಂದರೆ, ಕಾಲು ಉದ್ದ, ಮೈಭಾರ ಮೇಲೆ. ದೇಹ ಸ್ವಲ್ಪ ಓಲಾಡಿದರೂ ಅದರ ಹೊಡೆತ ಬೀಳುವುದು ಆ್ಯಂಕಲ್ ಮೇಲೆ. ಇದ್ದಕ್ಕಿದ್ದಂತೆ ಎತ್ತರ ಬೆಳೆದ ವರ್ಷದಲ್ಲಿ ಸ್ನಾಯುಗಳಿಗೆ ಆ ಹೊಸ ಉದ್ದ ಇನ್ನೂ ಒಗ್ಗಿರುವುದಿಲ್ಲ.

ಅಳತೆ

ಸಂಜೆ ಅಳೆಯಿರಿ, ಆಗ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಗೋಡೆಗೆ ಹಿಮ್ಮಡಿ ತಾಗಿಸಿ, ಹಾಳೆಯ ಮೇಲೆ ಎರಡೂ ಕಾಲಿಗೆ ಸಮ ಭಾರ ಹಾಕಿ ನಿಲ್ಲಿಸಿ ಗುರುತು ಹಾಕಿ. ಉದ್ದ, ಅಗಲ ಎರಡನ್ನೂ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಯುಕೆ 9, ಇಯು 43 ಅನ್ನುವ ನಂಬರ್‌ಗಳನ್ನು ಮರೆತುಬಿಡಿ, ಕಂಪನಿಯಿಂದ ಕಂಪನಿಗೆ ಅವು ಬದಲಾಗುತ್ತವೆ.

ಶೂ: ಇಲ್ಲೇ ಎಲ್ಲರೂ ಎಡವುವುದು

ದುಡ್ಡಿನ ದೊಡ್ಡ ಪಾಲು ಶೂಗೆ ಹೋಗಲಿ. ವೀಲ್, ಬೇರಿಂಗ್, ಫ್ರೇಮ್ ಆಮೇಲೆ ಬದಲಾಯಿಸಬಹುದು, ಸರಿಯಿಲ್ಲದ ಶೂ ಜೊತೆ ಏನೂ ಮಾಡಲಾಗದು.

‘ಕಾಲು ಬೆಳೀತಿದೆ, ಎರಡು ಸೈಜ್ ದೊಡ್ಡದೇ ಇರಲಿ’ ಅನ್ನುವ ಮಾತು ಪ್ರತಿ ಅಂಗಡಿಯಲ್ಲೂ ಕೇಳುತ್ತದೆ. ಸ್ಕೂಲ್ ಶೂಗೆ ಅದು ನಡೆಯುತ್ತದೆ. ಸ್ಪೀಡ್ ಸ್ಕೇಟ್‌ಗೆ ಖಂಡಿತ ಬೇಡ. ಶೂ ಒಳಗೆ ಹಿಮ್ಮಡಿ ಅಲುಗಾಡಿದ ಕ್ಷಣ ಆ್ಯಂಕಲ್‌ಗೆ ಆಧಾರ ತಪ್ಪಿತು, ಆಮೇಲೆ ಎಷ್ಟೇ ದುಬಾರಿ ಶೂ ಆದರೂ ಕಾಲು ವಾಲುತ್ತದೆ. ಬೆಳೆಯುವ ಮಗುವಿಗೆ ಪಾದಕ್ಕಿಂತ ಅರ್ಧ ಸೆಂಟಿಮೀಟರ್, ತೀರಾ ಅಂದರೆ ಅದಕ್ಕಿಂತ ಒಂದೆರಡು ಮಿಲಿಮೀಟರ್ ಜಾಸ್ತಿ. ಅಷ್ಟೇ. ಒಂದು ಸಮಾಧಾನ ಏನೆಂದರೆ, ಪಾದದ ಬೆಳವಣಿಗೆ ಸಾಮಾನ್ಯವಾಗಿ ಎತ್ತರಕ್ಕಿಂತ ಮೊದಲೇ ನಿಲ್ಲುತ್ತದೆ. ವರ್ಷದಿಂದ ಚಪ್ಪಲಿ ಸೈಜ್ ಬದಲಾಗಿಲ್ಲ ಅಂದರೆ ಧೈರ್ಯವಾಗಿ ಸರಿಯಾದ ಅಳತೆಯದನ್ನೇ ತಗೊಳ್ಳಿ.

ಅಂಗಡಿಯಲ್ಲಿ ಹೀಗೆ ನೋಡಿ. ತೆಳು ಕಾಲುಚೀಲ ಹಾಕಿ, ಹಿಮ್ಮಡಿಯನ್ನು ಹಿಂದಕ್ಕೆ ಎರಡು ಸಲ ಕುಟ್ಟಿ ಕೂರಿಸಿ, ಕೆಳಗಿನಿಂದ ಮೇಲಕ್ಕೆ ಲೇಸ್ ಬಿಗಿಯಬೇಕು. ಬೆರಳಿನ ಹತ್ತಿರ ಸಡಿಲ, ಪಾದ ಮಡಚುವ ಜಾಗದಲ್ಲಿ ಬಿಗಿ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ಹಗುರವಾಗಿ ತಾಗಲಿ, ಬೆಳೆಯುವ ಮಗುವಿಗಾದರೆ ಮೇಲೆ ಹೇಳಿದಷ್ಟು ಜಾಗ ಮಾತ್ರ ಇರಲಿ. ಮೊಣಕಾಲು ಬಗ್ಗಿಸಿ ಸ್ಕೇಟಿಂಗ್ ಭಂಗಿಗೆ ಬಂದಾಗ ಬೆರಳು ಚೂರು ಹಿಂದೆ ಸರಿಯಬೇಕು. ಬಗ್ಗಿದಾಗಲೂ ಬೆರಳು ಮಡಚಿಕೊಂಡೇ ಇದ್ದರೆ ಚಿಕ್ಕದಾಯಿತು. ನಿಂತಾಗ ಬೆರಳಿನ ಮುಂದೆ ಅದಕ್ಕಿಂತಲೂ ಹೆಚ್ಚು ಜಾಗ ಉಳಿದರೆ ದೊಡ್ಡದಾಯಿತು. ಈಗ ನೀವು ಶೂವನ್ನು ನೆಲಕ್ಕೆ ಒತ್ತಿ ಹಿಡಿದು ಮಗುವಿಗೆ ಹಿಮ್ಮಡಿ ಎತ್ತಲು ಹೇಳಿ. ಒಳಗೆ ಹಿಮ್ಮಡಿ ಮೇಲೆ ಜಾರಿದರೆ ಆ ಶೂ ಬೇಡ, ಬಣ್ಣ ಎಷ್ಟೇ ಚೆನ್ನಾಗಿರಲಿ. ಎಲ್ಲ ಸರಿ ಅನಿಸಿದರೆ ಲೇಸ್ ಕಟ್ಟಿಕೊಂಡೇ ಇಪ್ಪತ್ತು ನಿಮಿಷ ಕೂತಿರಲಿ, ನಿಂತು ಕೂತು ಮಾಡಲಿ. ಅಂಗಡಿಯವರು ಅವಸರ ಮಾಡಿದರೆ ಬೇರೆ ಅಂಗಡಿಗೆ ಹೋಗಿ. ಬಿಚ್ಚಿದ ಮೇಲೆ ಪಾದ ನೋಡಿ: ತಿಳಿ ಕೆಂಪು ಗುರುತು ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ತೊಂದರೆಯಿಲ್ಲ. ಪಾದದ ಗಂಟಿನ ಮೂಳೆ ಮೇಲೆ ಕಡು ಕೆಂಪು ಚುಕ್ಕೆ ಉಳಿದರೆ ಅಲ್ಲಿ ಶೂ ಚುಚ್ಚುತ್ತಿದೆ ಎಂದರ್ಥ.

ಮುಂದಿನದು ಎತ್ತರ. ರೇಸಿಂಗ್ ಶೂಗಳು ಆ್ಯಂಕಲ್ ಮೂಳೆಯ ಹತ್ತಿರವೇ ಮುಗಿದುಬಿಡುತ್ತವೆ. ಬಲವಾದ ಕಾಲಿಗೆ ಅದರಿಂದ ಲಾಭ, ವಾಲುವ ಕಾಲಿಗೆ ಅಲ್ಲ. ಇನ್ನೊಂದು ತುದಿಯಲ್ಲಿ ಮೀನಖಂಡದವರೆಗೆ ಬರುವ, ಒಳಗೆ ಮೆತ್ತನೆ ಹಾಸು ಇರುವ ಫಿಟ್ನೆಸ್ ಸ್ಕೇಟ್. ಹಾಕಿಕೊಂಡರೆ ಸುಖ, ಆದರೆ ಸ್ಪೀಡ್ ಸ್ಕೇಟಿಂಗ್‌ನಲ್ಲಿ ಬೇಕಾದಷ್ಟು ಕೆಳಗೆ ಕೂರಲು ಬಿಡುವುದಿಲ್ಲ. ನನ್ನ ಸಲಹೆ ಒಂದೇ: ಮಧ್ಯಮ ಎತ್ತರದ, ಮೂಳೆಯನ್ನು ಪೂರ್ತಿ ಮುಚ್ಚಿ ಸ್ವಲ್ಪ ಮೇಲೆ ಬರುವ, ಆ್ಯಂಕಲ್ ಬಳಿ ಒಂದು ಬಕಲ್ ಇರುವ ಸ್ಪೀಡ್ ಶೂ. ಆಧಾರ ಕೊಡುವುದು ಮೇಲಿನ ಬಟ್ಟೆಯಲ್ಲ, ಹಿಮ್ಮಡಿಯನ್ನು ಹಿಡಿಯುವ ಗಟ್ಟಿ ಚಿಪ್ಪು. ಹಿಮ್ಮಡಿಯ ಎರಡೂ ಬದಿಯನ್ನು ಹೆಬ್ಬೆರಳಿನಿಂದ ಜೋರಾಗಿ ಅದುಮಿ. ಒಳಗೆ ಹೋದರೆ ಅದು ನಿಮ್ಮ ಮಗುವಿನ ಭಾರ ತಡೆಯುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ‘ಕಾರ್ಬನ್’ ಅಂತ ಮಾರುವ ಅಗ್ಗದ ಶೂಗಳಲ್ಲಿ ಬರೀ ಪ್ಲಾಸ್ಟಿಕ್ ಮೇಲೆ ಕಾರ್ಬನ್ ನೇಯ್ಗೆಯ ಚಿತ್ರ ಇರುವ ಹಾಳೆ ಅಂಟಿಸಿರುತ್ತಾರೆ. ಅದುಮಿ ನೋಡಿದರೆ ಗೊತ್ತಾಗುತ್ತದೆ. ಹಾಗೇ ಶೂಗೆ ಫ್ರೇಮನ್ನು ರಿವೆಟ್ ಹೊಡೆದು ಕೂರಿಸಿರುವ ಸ್ಕೇಟ್‌ಗಳು, ಬೀಗ ತಿರುಗಿಸಿ ಸೈಜ್ ಹಿಗ್ಗಿಸುವ ಸ್ಕೇಟ್‌ಗಳು ಚಿಕ್ಕ ಮಕ್ಕಳು ಕಲಿಯಲು ಸರಿ, ಈ ಕೆಲಸಕ್ಕೆ ಬೇಡವೇ ಬೇಡ. ತಳದಲ್ಲಿ ಎರಡು ಬೋಲ್ಟ್ ಇರಬೇಕು, ಅವು ಅಡ್ಡಡ್ಡ ಸರಿಯುವಂತಿರಬೇಕು. ಬೋಲ್ಟ್‌ಗಳ ನಡುವಿನ ಅಂತರ 195 ಮಿ.ಮೀ. ಇದೆಯಾ ಕೇಳಿ. ದೊಡ್ಡ ಪಾದದ ಸ್ಪೀಡ್ ಶೂಗಳಿಗೆ ಅದೇ ರೂಢಿಯ ಅಳತೆ. ಮುಂದೆ ಬೇರೆ ಫ್ರೇಮ್ ಹಾಕುವಾಗ ಪರದಾಡಬೇಕಿಲ್ಲ.

ಬಿಸಿ ಮಾಡಿ ಪಾದಕ್ಕೆ ಒಗ್ಗಿಸಿಕೊಳ್ಳುವ ಶೂ ಸಿಕ್ಕರೆ ಇನ್ನೂ ಒಳ್ಳೆಯದು. ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನುವುದು ಕಂಪನಿಯ ಚೀಟಿಯಲ್ಲಿ ಇದ್ದಂತೆಯೇ ಮಾಡಿ. ಗ್ಯಾಸ್ ಒಲೆ ಮೇಲೆ ಹಿಡಿಯುವುದು, ಕುದಿಯುವ ನೀರು ಸುರಿಯುವುದು, ಮೈಕ್ರೋವೇವ್‌ನಲ್ಲಿ ಇಡುವುದು, ಇವು ಯಾವುವೂ ಬೇಡ. ಅಂಟು ಬಿಟ್ಟುಹೋದರೆ ಶೂ ಕಥೆ ಮುಗಿಯಿತು.

ವೀಲ್ ಮತ್ತು ಫ್ರೇಮ್

ವೀಲ್ ದೊಡ್ಡದಾದಷ್ಟೂ ಶೂ ನೆಲದಿಂದ ಮೇಲೇರುತ್ತದೆ, ಮೇಲೇರಿದಷ್ಟೂ ಆ್ಯಂಕಲ್‌ಗೆ ಕೆಲಸ ಜಾಸ್ತಿ. ಎತ್ತರದ ಮಗು ಅಂದ ಕೂಡಲೇ ‘110 ಮಿ.ಮೀ. ವೀಲ್ ಹಾಕ್ಸಿ ಸಾರ್, ಸ್ಟ್ರೈಡ್ ಉದ್ದ ಇದೆ’ ಅನ್ನುವವರು ಸಿಗುತ್ತಾರೆ. ಸ್ಟ್ರೈಡ್, ಅಂದರೆ ಹೆಜ್ಜೆ, ಉದ್ದ ಇರುವುದು ನಿಜ, ಆದರೆ ಆ್ಯಂಕಲ್ ತಯಾರಿಲ್ಲ. ನಾಲ್ಕು 90 ಅಥವಾ ನಾಲ್ಕು 100 ಮಿ.ಮೀ. ವೀಲ್‌ನಿಂದ ಶುರು ಮಾಡಿ. ಪಾದ ದೊಡ್ಡದಿದ್ದರೆ 100 ಸರಿ. ಮೂರು 125ರ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಸ್ಪರ್ಧೆಗೆ ಹೋಗುವವರು ತಮ್ಮ ವಯೋಗುಂಪಿಗೆ ಎಷ್ಟು ದೊಡ್ಡ ವೀಲ್‌ಗೆ ಅನುಮತಿ ಇದೆ ಅನ್ನುವುದನ್ನು ಕೋಚ್ ಹತ್ತಿರ ಕೇಳಿಯೇ ಕೊಳ್ಳಿ.

ವೀಲ್ ಗಟ್ಟಿತನ 85ಎ (ನಂಬರ್ ಹೆಚ್ಚಿದಷ್ಟೂ ವೀಲ್ ಗಟ್ಟಿ) ಹತ್ತಿರ ಇದ್ದರೆ ರಿಂಕ್‌ಗೂ ರಸ್ತೆಗೂ ಆಗುತ್ತದೆ. ಬೇರಿಂಗ್ ಮೇಲಿನ ಎಬಿಇಸಿ 7, 9 ಅನ್ನುವ ನಂಬರ್‌ಗೆ ಜಾಸ್ತಿ ದುಡ್ಡು ಕೊಡಬೇಡಿ. ಅದು ಅಳತೆಯ ನಿಖರತೆ ಹೇಳುತ್ತದೆಯೇ ಹೊರತು ಸ್ಕೇಟ್ ಎಷ್ಟು ಓಡುತ್ತದೆ ಎಂದಲ್ಲ. ಹೆಲ್ಮೆಟ್, ಮೊಣಕಾಲು–ಮಣಿಕಟ್ಟಿನ ಗಾರ್ಡ್ ಇಲ್ಲದೆ ರಿಂಕ್‌ಗೆ ಇಳಿಸಬೇಡಿ.

ಫ್ರೇಮ್ ಸರಿಸುವುದು

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅರ್ಧ ಸಮಸ್ಯೆ ಇಲ್ಲೇ ಬಗೆಹರಿಯುತ್ತದೆ. ಹೊಸ ಸ್ಕೇಟ್ ಬಂದಾಗ ಫ್ರೇಮ್ ಹಿಂದೆ ಹಿಮ್ಮಡಿಯ ನಡುವಿಗೆ, ಮುಂದೆ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿಗೆ ಬರುವಂತೆ ಇಡಿ. ಮಗುವನ್ನು ಚಾಪೆ ಮೇಲೋ ಹುಲ್ಲಿನ ಮೇಲೋ ನಿಲ್ಲಿಸಿ, ಲೇಸ್ ಕಟ್ಟಿ, ಹಿಂದಿನಿಂದ ನೋಡಿ. ಆ್ಯಂಕಲ್ ಒಳಕ್ಕೆ ವಾಲುತ್ತಿದೆಯಾ? ಹಾಗಿದ್ದರೆ ಫ್ರೇಮನ್ನೂ ಒಳಕ್ಕೇ ಸರಿಸಿ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ, ಒಳಕ್ಕೆ ಬೀಳುತ್ತಿದೆ ಅಂತ ಹೊರಕ್ಕೆ ಎಳೆಯುತ್ತಾರೆ. ಭಾರ ಬೀಳುತ್ತಿರುವುದು ಒಳಬದಿಗೆ, ವೀಲ್ ಅದರ ಕೆಳಗೆ ಬಂದರೆ ತಾನೇ ಹೊರುವುದು? ಹೊರಗೆ ಎಳೆದರೆ ಆ್ಯಂಕಲ್ ಇನ್ನೂ ಸುಲಭವಾಗಿ ಮಗುಚುತ್ತದೆ.

ಆಲನ್ ಕೀಯಿಂದ (ಆರು ಮೂಲೆಯ, ಬಾಗಿದ ಕೀ) ಬೋಲ್ಟ್ ಸಡಿಲಿಸಿ, ಮೊದಲಿದ್ದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಒಂದೇ ಒಂದು ಮಿಲಿಮೀಟರ್ ಸರಿಸಿ, ಬಿಗಿ ಮಾಡಿ, ರಿಂಕ್‌ನಲ್ಲಿ ಹತ್ತು ಸುತ್ತು ಹಾಕಿಸಿ. ಸಾಲದಿದ್ದರೆ ಇನ್ನೊಂದು ಮಿಲಿಮೀಟರ್. ಒಂದೇ ಸಲ ಮೂಲೆಗೆ ತಳ್ಳಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಒಂದು ಕಾಲಲ್ಲಿ ಜಾರುವಾಗ ಸ್ಕೇಟ್ ತಾನಾಗಿ ನೇರ ಹೋಗಬೇಕು. ಅದು ಸರಿಯಾದ ಜಾಗ ಸಿಕ್ಕಿದ ಗುರುತು. ಎಡಗಾಲಿಗೆ ಹೊಂದಿದ್ದು ಬಲಗಾಲಿಗೆ ಹೊಂದಬೇಕೆಂದಿಲ್ಲ. ರಿಂಕ್‌ನಲ್ಲಿ ಯಾವಾಗಲೂ ಎಡಕ್ಕೇ ತಿರುಗುವುದರಿಂದ ಕೆಲವು ಕೋಚ್‌ಗಳು ಬೇಕೆಂದೇ ಎರಡನ್ನೂ ಬೇರೆ ಬೇರೆ ಇಡುತ್ತಾರೆ.

ಅಡ್ಡದಾರಿ ಬೇಡ

ಎರಡು ಜೊತೆ ದಪ್ಪ ಕಾಲುಚೀಲ, ಶೂ ಒಳಗೆ ಕ್ರೇಪ್ ಬ್ಯಾಂಡೇಜ್, ಸಂದಿಗೆ ಸ್ಪಂಜ್. ಇವೆಲ್ಲ ದೊಡ್ಡ ಶೂ ಕೊಂಡ ತಪ್ಪನ್ನು ಮುಚ್ಚುವ ಕೆಲಸ. ಮೂಳೆ ಉಜ್ಜಿದರೆ ತೆಳು ಜೆಲ್ ಪ್ಯಾಡ್ ಹಾಕಿ, ಅದು ಬೇರೆ. ಚಪ್ಪಟೆ ಪಾದಕ್ಕೆ ಅಂಗಾಲಿನ ಕಮಾನಿಗೆ ಆಧಾರ ಕೊಡುವ ಇನ್‌ಸೋಲ್ ಬೇಕಾಗಬಹುದು. ಅದನ್ನು ಅಳತೆ ಕೊಟ್ಟು ಮಾಡಿಸಿ, ಮತ್ತು ಶೂ ಕೊಳ್ಳುವಾಗ ಅದನ್ನು ಹಾಕಿಯೇ ನೋಡಿ.

ಸೆಕೆಂಡ್‌ಹ್ಯಾಂಡ್ ಬಗ್ಗೆ ಸಂಕೋಚ ಬೇಡ. ಮಕ್ಕಳ ಕಾಲು ಬೆಳೆದು ಹೊಸದರಂತಿರುವ ಒಳ್ಳೆಯ ಶೂಗಳು ಕ್ಲಬ್‌ಗಳಲ್ಲಿ ಕೈಬದಲಾಗುತ್ತಲೇ ಇರುತ್ತವೆ. ಅಗ್ಗದ ಹೊಸದಕ್ಕಿಂತ ಒಳ್ಳೆಯ ಹಳೆಯದು ಎಷ್ಟೋ ಮೇಲು. ಬೋಲ್ಟ್ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ, ಬೋಲ್ಟ್‌ನ ತಿರುಪಿನ ಗೆರೆ (ಥ್ರೆಡ್) ಸವೆದಿದೆಯಾ, ಹಿಂದಿನಿಂದ ಕಣ್ಣಿಟ್ಟು ನೋಡಿದರೆ ನಾಲ್ಕೂ ವೀಲ್ ಒಂದೇ ಗೆರೆಯಲ್ಲಿವೆಯಾ, ಇಷ್ಟು ನೋಡಿ. ಬಿಸಿ ಮಾಡಿ ಒಗ್ಗಿಸುವ ಶೂ ಆದರೆ ಇನ್ನೊಬ್ಬರ ಪಾದದ ಅಚ್ಚನ್ನು ಬದಲಾಯಿಸಬಹುದು.

ಸ್ಕೇಟ್ ಬಂದ ದಿನದಿಂದಲೇ ಮನೆಯಲ್ಲಿ ವ್ಯಾಯಾಮ ಶುರುವಾಗಲಿ. ಹಲ್ಲುಜ್ಜುವಾಗ ಒಂದು ಕಾಲಲ್ಲಿ ನಿಲ್ಲುವುದು, ಮೆಟ್ಟಿಲಂಚಿನಲ್ಲಿ ತುದಿಗಾಲಿಗೆ ಏರಿ ನಿಧಾನಕ್ಕೆ ಇಳಿಯುವುದು, ದಿನಾ ಎರಡು ಹೊತ್ತು. ಮೊದಲ ವಾರಗಳಲ್ಲಿ ಸುತ್ತು ಕಡಿಮೆ ಇರಲಿ. ಆ್ಯಂಕಲ್ ದಣಿದು ವಾಲತೊಡಗಿದ ಕೂಡಲೇ ಶೂ ಬಿಚ್ಚಿಸಿ, ದಣಿದ ಮೇಲೆ ಹಾಕಿದ ಸುತ್ತಿನಲ್ಲಿ ಕಲಿಯುವುದು ತಪ್ಪು ಭಂಗಿ ಮಾತ್ರ. ಮೊದಲ ದಿನದ ಅಭ್ಯಾಸ ಮುಗಿದ ಮೇಲೆ ಫ್ರೇಮ್ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿ, ಹೊಸದರಲ್ಲಿ ಅವು ಸಡಿಲಾಗುತ್ತವೆ. ಎರಡು ತಿಂಗಳಾದರೂ ಪಾದ ಒಳಕ್ಕೇ ಕುಸಿಯುತ್ತಿದ್ದರೆ ಇನ್ನೊಂದು ಶೂ ಹುಡುಕಬೇಡಿ, ಸ್ಕೇಟ್ ಜೊತೆಗೇ ಮಗುವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ, ಅದನ್ನು ಹಾಕಿಸಿ ನಿಲ್ಲಿಸಿ ತೋರಿಸಿ.