ಈಡು ಹೊಡೆದ ಮೇಲಿನ ಆರು ಗಂಟೆ

ವಿಸ್ಕಾನ್ಸಿನ್‌ನಲ್ಲಿ ನವೆಂಬರ್ ಕೊನೆಯ ಹೊತ್ತಿಗೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ನಾನು ಆ ಹೆಣ್ಣು ಜಿಂಕೆಗೆ ಗುಂಡು ಹೊಡೆದಾಗ ಗಂಟೆ ನಾಲ್ಕು. ಎಂಬತ್ತು ಗಜ ದೂರ, ನನಗೆ ಅಡ್ಡಲಾಗಿ ನಿಂತಿತ್ತು. ಬೆಳಕು ಕಡಿಮೆಯಾಗುತ್ತಿದೆ ಎಂಬ ಅವಸರಕ್ಕೆ ಬಿದ್ದೆ. ಬೆರಳು ಒತ್ತುವಾಗಲೇ ಅದು ಒಂದು ಹೆಜ್ಜೆ ಮುಂದಿಟ್ಟಿತು. ಈಡಿನ ಸದ್ದಿಗೆ ಅದು ಚಂಗನೆ ಹಾರಲೂ ಇಲ್ಲ, ಓಡಲೂ ಇಲ್ಲ. ಬೆನ್ನು ಬಿಲ್ಲಿನಂತೆ ಬಾಗಿಸಿ, ಬಾಲ ಕಾಲ ಸಂದಿಗೆ ಇಳಿಸಿ, ನಿಧಾನವಾಗಿ ನಡೆದು ಓಕ್ ಮರಗಳ ಹಿಂದೆ ಮರೆಯಾಯಿತು.

ಕೂತಿದ್ದ ಮರದಿಂದ ಇಳಿದು ಅದರ ಹಿಂದೆ ಹೋಗಬೇಕು ಅಂತ ಕಾಲು ತುಡಿಯುತ್ತಿತ್ತು. ಹೋಗಲಿಲ್ಲ. ಫೋನ್ ತೆಗೆದು ಗೆಳೆಯನಿಗೆ ಮೆಸೇಜ್ ಹಾಕಿದೆ. ಅವನು ಬಿತ್ತಾ ಅಂತ ಕೇಳಲಿಲ್ಲ. "ಬಾಲ ಏನು ಮಾಡಿತು?" ಅಂತ ಕೇಳಿದ. ಹೇಳಿದೆ. "ಅಲ್ಲೇ ಕೂತಿರು, ಬರುತ್ತೇವೆ" ಅಂದ.

ನನ್ನದು ತೀರ್ಥಹಳ್ಳಿ ಕಡೆಯ ಊರು. ಅಜ್ಜನ ಕಾಲದಲ್ಲಿ ನಮ್ಮ ಮನೆಯಲ್ಲಿ ಶಿಕಾರಿ ಇತ್ತು. ಪೊದೆಗೆ ನುಗ್ಗಿ ಮಿಗ ಎಬ್ಬಿಸುವ ಹಳು ನುಗ್ಗುವವರು ಬೇರೆ, ಅದು ಬರುವ ದಾರಿಯಲ್ಲಿ ಕೋವಿ ಹಿಡಿದು ಬಿಲ್ಲಿಗೆ ಕೂರುವವರು ಬೇರೆ. ರಾತ್ರಿ ಮರಸು ಕೂರುವ, ಅಂದರೆ ಮರೆಯಲ್ಲಿ ಮಿಗಕ್ಕಾಗಿ ಕಾದು ಕೂರುವ ಕಥೆಗಳನ್ನು ಕೇಳಿ ಬೆಳೆದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದೆಲ್ಲ ನಿಂತಿತು. ಅದು ನಿಂತದ್ದೇ ಸರಿ ಎಂದು ನಾನು ಮನಸಾರೆ ನಂಬಿದ್ದೇನೆ. ನಾನು ಕಣ್ಣಾರೆ ಕಂಡದ್ದು ಮಾಡಿನ ಕೆಳಗೆ ತೂಗುತ್ತಿದ್ದ ಕೇಪಿನ ಕೋವಿಯೊಂದನ್ನೇ. ಚುನಾವಣೆ ಬಂದಾಗಲೆಲ್ಲ ಅಪ್ಪ ಅದನ್ನು ಠಾಣೆಗೆ ಒಪ್ಪಿಸಿ ಚೀಟಿ ತರುತ್ತಿದ್ದರು. ಊರಲ್ಲಿ ಯಾರಾದರೂ ಕದ್ದು ಮಿಗ ಹೊಡೆಯುವ ವಿಷಯ ತೆಗೆದರೆ ನಾನು ಎದ್ದು ಬರುತ್ತೇನೆ. ಇಲ್ಲಿ ಬರೆಯುತ್ತಿರುವುದು ಅಮೆರಿಕದ ಕಾನೂನಿನೊಳಗೆ, ಅವರ ಲೆಕ್ಕಾಚಾರದೊಳಗೆ ನಡೆಯುವ ಬೇಟೆಯ ಬಗ್ಗೆ. ಇಲ್ಲಿ ಬೇಟೆಯ ಲೈಸೆನ್ಸಿನ ಹಣ ಕಾಡಿನ ಕೆಲಸಕ್ಕೇ ಹೋಗುತ್ತದೆ. ಬಂದೂಕು, ತೋಟೆಗಳ ಮೇಲೂ 1937ರ ಒಂದು ಕಾಯ್ದೆಯಡಿ ಶೇ. 11ರ ಕೇಂದ್ರ ತೆರಿಗೆ ಇದೆ. ಅದೂ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೇ ಸೇರುತ್ತದೆ.

ಈ ದೇಶದಲ್ಲಿರುವ ನಮ್ಮವರಿಗೆ ಮೊದಲೇ ಒಂದು ಮಾತು ಹೇಳಿಬಿಡಬೇಕು, ಏಕೆಂದರೆ ಬಹಳ ಜನಕ್ಕೆ ಇದು ಗೊತ್ತಿಲ್ಲ. ಎಚ್-1ಬಿಯಂಥ ವೀಸಾದ ಮೇಲಿರುವವರು ಕೇಂದ್ರದ ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಕೈಯಲ್ಲಿದ್ದರೆ ಅದಕ್ಕೆ ವಿನಾಯಿತಿ ಇದೆ. ಲೈಸೆನ್ಸಿನ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯಿತು. ಗೆಳೆಯರು ತಮಾಷೆಗೆ ಕೈಗೆ ಕೊಟ್ಟರೂ ಅಪರಾಧವೇ. ನಾನು ವಕೀಲರನ್ನು ಕೇಳಿ, ಲೈಸೆನ್ಸ್ ಬಂದ ಮೇಲೆಯೇ ಕೋವಿ ಮುಟ್ಟಿದ್ದು. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಸುರಕ್ಷತಾ ಕೋರ್ಸ್ ಮುಗಿಸದೆ ಲೈಸೆನ್ಸ್ ಪಡೆಯುವಂತಿಲ್ಲ. ನನ್ನ ತರಗತಿಯಲ್ಲಿ ಪಕ್ಕಕ್ಕೆ ಕೂತವರೆಲ್ಲ ಹನ್ನೆರಡು, ಹದಿಮೂರರ ಮಕ್ಕಳು. ಪ್ರತಿ ಬಂದೂಕಿನಲ್ಲೂ ಗುಂಡಿದೆ ಎಂದೇ ತಿಳಿ. ನಳಿಗೆಯನ್ನು ಅಪಾಯವಿಲ್ಲದ ದಿಕ್ಕಿಗೇ ಹಿಡಿ. ಗುರಿ ಏನು, ಗುರಿಯ ಹಿಂದೆ ಏನಿದೆ ಎಂದು ಖಚಿತ ಮಾಡಿಕೋ. ಹೊಡೆಯುವವರೆಗೂ ಕುದುರೆಯ, ಅಂದರೆ ಟ್ರಿಗರಿನ ಹತ್ತಿರ ಬೆರಳು ಒಯ್ಯಬೇಡ. ಆ ಮಕ್ಕಳು ಈ ನಾಲ್ಕನ್ನೂ ಮಗ್ಗಿಯಂತೆ ಒಪ್ಪಿಸುತ್ತಿದ್ದರು.

ನಮ್ಮ ಕ್ಯಾಂಪ್ ಇರುವುದು ರಾಜ್ಯದ ನೈಋತ್ಯದಲ್ಲಿ, ರಿಚ್‌ಲ್ಯಾಂಡ್ ಕೌಂಟಿಯ ಗುಡ್ಡಗಳಲ್ಲಿ. ಹಿಮಯುಗದ ನೀರ್ಗಲ್ಲು ಈ ಭಾಗವನ್ನು ತೀಡಿ ಮಟ್ಟ ಮಾಡಲಿಲ್ಲವಾದ್ದರಿಂದ ಇಲ್ಲಿ ಏರು, ಇಳುಕಲು, ಕಣಿವೆ, ತೊರೆ ಎಲ್ಲ ಉಳಿದಿವೆ. ಮೊದಲ ಸಲ ನೋಡಿದಾಗ ನನಗೆ ಊರಿನ ನೆನಪಾದದ್ದು ಅದಕ್ಕೇ. ನನ್ನ ಕಚೇರಿಯ ಗೆಳೆಯನ ಮನೆತನದ ಜಮೀನು ಅದು. ಅವನ ಅಪ್ಪ, ಎಂಬತ್ತರ ಅಂಚಿನ ಯಜಮಾನರು, ಅವನ ಅಕ್ಕ, ಒಬ್ಬರು ನಿವೃತ್ತ ಶಾಲಾ ಮೇಷ್ಟ್ರು, ನಾನು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಒಂಬತ್ತು ದಿನದ ಬಂದೂಕಿನ ಸೀಸನ್ ಶುರು. ಶುಕ್ರವಾರ ರಾತ್ರಿಯೇ ಎಲ್ಲರೂ ಕ್ಯಾಬಿನ್ ಸೇರುತ್ತೇವೆ.

ಮೊದಲ ವರ್ಷ ಯಜಮಾನರು ನನಗೆ ಕೋವಿಯೇ ಕೊಡಲಿಲ್ಲ. ಮೂರು ದಿನ ಅವರ ಪಕ್ಕದಲ್ಲಿ ಸುಮ್ಮನೆ ಕೂರಿಸಿದರು. ನಾನು ಕಲಿತದ್ದೆಲ್ಲ ಆ ಮೂರು ದಿನದಲ್ಲೇ.

ಅದರಲ್ಲಿ ದೊಡ್ಡದು ಗಾಳಿ. ಅವರ ಕಿಸೆಯಲ್ಲಿ ಸದಾ ಒಂದೆರಡು ಒಣಗಿದ ಮಿಲ್ಕ್‌ವೀಡ್ ಕಾಯಿ ಇರುತ್ತವೆ. ಅದು ನಮ್ಮ ಎಕ್ಕದ ಬಳಗದ ಗಿಡ. ಕಾಯಿ ಬಿರಿದರೆ ಒಳಗೆ ಎಕ್ಕದ ಹತ್ತಿಯಂಥದೇ ರೇಷ್ಮೆ, ತುದಿಗೊಂದು ಕಂದು ಬೀಜ. ಒಂದು ಎಳೆ ಕಿತ್ತು ಬೆರಳ ತುದಿಯಿಂದ ಬಿಡುತ್ತಾರೆ. ನನ್ನ ಕೆನ್ನೆಗೆ ಗಾಳಿಯೇ ಇಲ್ಲ ಅನ್ನಿಸಿದ ಹೊತ್ತಿನಲ್ಲಿ ಆ ಎಳೆ ಮೆಲ್ಲಗೆ ಎಡಕ್ಕೆ ಸರಿಯಿತು, ಮೂವತ್ತು ಗಜ ಹೋದ ಮೇಲೆ ನೀರಿನಂತೆ ಕಣಿವೆಯ ಕಡೆ ತಿರುಗಿ ಇಳಿಯಿತು. ನಮ್ಮ ಮೈವಾಸನೆ ಹೋಗುವ ದಾರಿಯೂ ಅದೇ. ಬೆಳಿಗ್ಗೆ ಬಿಸಿಲೇರಿದಂತೆ ಗಾಳಿ ಇಳಿಜಾರು ಹತ್ತುತ್ತದೆ, ಆಗ ಮೇಲೆ ಕೂರಬೇಕು. ಸಂಜೆ ತಂಪಾಗಿ ಕೆಳಗಿಳಿಯುತ್ತದೆ, ಆಗ ತಗ್ಗಿನಲ್ಲಿ ಕೂರಬೇಕು. ಇದನ್ನು ಕಣ್ಣಿಂದ ನೋಡಿದವನು ಮರೆಯುವುದಿಲ್ಲ.

ಬಟ್ಟೆಯ ಬಗ್ಗೆ ಹೊಸಬರು ವಿಪರೀತ ತಲೆ ಕೆಡಿಸಿಕೊಳ್ಳುತ್ತಾರೆ. ಸೊಂಟದ ಮೇಲಿನ ಹೊರ ಉಡುಪಿನಲ್ಲಿ ಅರ್ಧದಷ್ಟಾದರೂ ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಲೇಬೇಕು, ಅದು ಕಾನೂನು. ಜಿಂಕೆಯ ಕಣ್ಣಿಗೆ ಆ ಕಿತ್ತಳೆ ನಮಗೆ ಕಂಡಂತೆ ಕಾಣುವುದಿಲ್ಲ. ಅದಕ್ಕೆ ಚೆನ್ನಾಗಿ ಕಾಣುವುದು ನೀಲಿ. ಹಾಗಾಗಿ ಜೀನ್ಸ್ ಬೇಡ. ಮರ ಹತ್ತುವಾಗ ಮೈಗೆ ಬೆಲ್ಟು ಕಟ್ಟಿರಲೇಬೇಕು, ಕೋವಿಯನ್ನು ಖಾಲಿ ಮಾಡಿ ಹಗ್ಗದಲ್ಲಿ ಎಳೆದುಕೊಳ್ಳಬೇಕು. ಇದರಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ಇನ್ನೊಂದು, ಮರದ ತನಕ ನಡೆಯುವಾಗ ದಪ್ಪ ಜಾಕೆಟ್ ಬೆನ್ನಿಗೆ ಕಟ್ಟಿಕೊಳ್ಳಿ, ಹಾಕಿಕೊಳ್ಳಬೇಡಿ. ಬೆವರು ಬಂದರೆ ಮೈನಸ್ ಹತ್ತರ ಚಳಿಯಲ್ಲಿ ಒಂದು ಗಂಟೆಯೂ ಕೂರಲಾಗುವುದಿಲ್ಲ.

ಎರಡನೇ ವರ್ಷ ಅವರದೇ .308 ಕೋವಿ ಕೊಟ್ಟರು. ಬೇಸಿಗೆಯಿಡೀ ನೂರು ಗಜದ ಗುರಿಗೆ ಅಭ್ಯಾಸ ಮಾಡಿದ್ದೆ. ಕಾಗದಕ್ಕೆ ಹೊಡೆಯುವುದು ಬೇರೆ, ಉಸಿರಾಡುವ ಜೀವಕ್ಕೆ ಹೊಡೆಯುವುದು ಬೇರೆ. ಮಿಗ ಅಡ್ಡ ನಿಂತಿರಬೇಕು, ಈಚೆಯ ಮುಂಗಾಲು ಮುಂದೆ ಚಾಚಿರಬೇಕು, ಭುಜದ ಹಿಂದೆ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಮೇಲಕ್ಕೆ. ಇದೆಲ್ಲ ನನಗೆ ಬಾಯಿಪಾಠವಿತ್ತು. ಆದರೂ ಆ ಸಂಜೆ ಮುಂಗಾಲಿಗಾಗಿ ಕಾಯಲಿಲ್ಲ. ತಪ್ಪು ನನ್ನದೇ.

ಅರ್ಧ ಗಂಟೆ ಬಿಟ್ಟು ಗೆಳೆಯನೂ ಅವನ ಅಕ್ಕನೂ ಬಂದರು. ಜಿಂಕೆ ನಿಂತಿದ್ದ ಜಾಗಕ್ಕೆ ಮಾತ್ರ ಹೋದೆವು, ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಅಕ್ಕ ಮಂಡಿಯೂರಿ ಒಂದು ಓಕ್ ಎಲೆ ಎತ್ತಿಕೊಂಡು ಬ್ಯಾಟರಿ ಬೆಳಕಿಗೆ ಹಿಡಿದರು. ಅದರ ಮೇಲೆ ಕಾಫಿ ಗಸಿಯಂಥ ಕಪ್ಪು ಕೆಂಪು ರಕ್ತ, ಅಂಚಿಗೆ ಹಸಿರು ಚೂರು. ಮೂಗಿನ ಹತ್ತಿರ ಒಯ್ದು ನನ್ನ ಕೈಗೆ ಕೊಟ್ಟರು. ಮೆಲುಕು ಹಾಕಿದ ಹುಲ್ಲಿನ ಹುಳಿ ವಾಸನೆ. ತಿಳಿಗೆಂಪು, ನೊರೆನೊರೆ ರಕ್ತವಾದರೆ ಶ್ವಾಸಕೋಶಕ್ಕೆ ತಾಗಿದೆ, ಅರ್ಧ ಗಂಟೆಯಲ್ಲಿ ಹೋಗಬಹುದು. ಬರೀ ಕಪ್ಪು ಕೆಂಪಾದರೆ ಈಲಿ (ಲಿವರ್), ಮೂರು ನಾಲ್ಕು ಗಂಟೆ ಕಾಯಬೇಕು. ಹಸಿರಿದ್ದರೆ ಹೊಟ್ಟೆ, ಆರು ಗಂಟೆಗೆ ಕಡಿಮೆ ಇಲ್ಲ. ಹಾಗೆ ಪೆಟ್ಟಾದ ಜಿಂಕೆ ಯಾರೂ ಬೆನ್ನಟ್ಟದಿದ್ದರೆ ಹತ್ತಿರದಲ್ಲೇ ಎಲ್ಲೋ ಮಲಗುತ್ತದೆ. ಎಬ್ಬಿಸಿದರೆ ಮೈಲಿಗಟ್ಟಲೆ ಹೋಗಿ ನರಳಿ ಸಾಯುತ್ತದೆ, ಯಾರಿಗೂ ಸಿಗುವುದಿಲ್ಲ. ಎಲೆ ಬಿದ್ದಿದ್ದ ಕಡೆ ಕಿತ್ತಳೆ ಟೇಪು ಕಟ್ಟಿ ಹಿಂದಿರುಗಿದೆವು.

ಆ ಆರು ಗಂಟೆ ನನ್ನ ಬದುಕಿನ ಅತಿ ಉದ್ದದ ಆರು ಗಂಟೆ. ಒಂದು ಜೀವಕ್ಕೆ ನೋವು ಕೊಟ್ಟು ಬಂದು ಒಲೆಯ ಮುಂದೆ ಕೂತಿದ್ದೇನೆ. ಯಾರೂ ಬೈಯಲಿಲ್ಲ, ಪರವಾಗಿಲ್ಲ ಬಿಡು ಎಂದು ಸಮಾಧಾನವನ್ನೂ ಹೇಳಲಿಲ್ಲ. ಮೇಷ್ಟ್ರು ಸಾರು ಬಿಸಿ ಮಾಡಿ ಬಟ್ಟಲು ಮುಂದಿಟ್ಟರು. ಅಕ್ಕ ಬ್ಯಾಟರಿಗಳನ್ನೆಲ್ಲ ಚಾರ್ಜಿಗೆ ಹಾಕಿದರು. ಯಜಮಾನರು ಇಸ್ಪೀಟು ಕಲಸುತ್ತಾ, ತಾನು ಮೂವತ್ತರ ಪ್ರಾಯದಲ್ಲಿ ಕಾಯಲಾರದೆ ಎಬ್ಬಿಸಿ ಕಳೆದುಕೊಂಡ ಗಂಡು ಜಿಂಕೆಯೊಂದರ ಕಥೆ ಹೇಳಿದರು. ಅದು ಹಾರಿದ ಬೇಲಿ, ದಾಟಿದ ತೊರೆ, ಕೊನೆಯ ರಕ್ತದ ಹನಿ ಕಂಡ ಕಲ್ಲು, ಅಷ್ಟೂ ಅವರಿಗೆ ಇನ್ನೂ ನೆನಪಿದೆ.

ರಾತ್ರಿ ಹತ್ತಕ್ಕೆ ಐದೂ ಜನ ಹೊರಟೆವು. ಕೋವಿಗಳನ್ನು ಕ್ಯಾಬಿನ್‌ನಲ್ಲೇ ಬೀಗ ಹಾಕಿಟ್ಟೆವು. ರಾತ್ರಿ ಕಾಡಿನಲ್ಲಿ ಬೆಳಕೂ ಕೋವಿಯೂ ಒಟ್ಟಿಗಿರಬಾರದು. ಒಬ್ಬರು ಕೊನೆಯ ಹನಿಯ ಹತ್ತಿರ ಕಂಬದಂತೆ ನಿಲ್ಲಬೇಕು, ಮುಂದಿನ ಹನಿ ಸಿಕ್ಕುವವರೆಗೂ ಕದಲಬಾರದು. ಉಳಿದವರು ಮಂಡಿಯೂರಿ, ದೀಪವನ್ನು ನೆಲಕ್ಕೆ ಓರೆಯಾಗಿ ಹಿಡಿದು ಎಲೆ ಎಲೆ ನೋಡುತ್ತಾ ಸಾಗಬೇಕು. ಪ್ರತಿ ಹನಿಗೂ ಟಾಯ್ಲೆಟ್ ಪೇಪರಿನ ಒಂದು ಚೂರು. ತಿರುಗಿ ನೋಡಿದರೆ ಆ ಬಿಳಿ ಚೂರುಗಳ ಸಾಲೇ ಜಿಂಕೆ ಹೊರಟ ದಿಕ್ಕು ಹೇಳುತ್ತದೆ. ನೂರಿಪ್ಪತ್ತು ಗಜ ಆದ ಮೇಲೆ ಸಾಲು ಪಕ್ಕದವರ ಬೇಲಿಯ ಹತ್ತಿರ ನಿಂತಿತು. ಗಾಯಗೊಂಡ ಮಿಗವೇ ಆದರೂ ಅನುಮತಿ ಇಲ್ಲದೆ ಬೇಲಿ ದಾಟುವಂತಿಲ್ಲ. ಹಾಲು ಕರೆಯುವ ದನಗಳಿರುವ ಮನೆ, ಬೆಳಗಿನ ಜಾವ ಏಳುವವರು. ಗೆಳೆಯ ಹಿಂಜರಿಯುತ್ತಲೇ ಫೋನ್ ಮಾಡಿದ. ಕಾಲು ಗಂಟೆಯಲ್ಲಿ ಆ ರೈತರು ಪೈಜಾಮದ ಮೇಲೆ ಕೋಟು ತೊಟ್ಟು, ದೊಡ್ಡ ದೀಪ ಹಿಡಿದು ತಾವೇ ಬಂದರು. ನೀರಿನ ಕಡೆ ಹೋಗಿರುತ್ತದೆ ಎಂದು ತೊರೆಯ ದಿಕ್ಕಿಗೆ ನಡೆದರು. ಹನ್ನೊಂದೂಮುಕ್ಕಾಲಿಗೆ ಅವರೇ ಕೂಗಿದರು.

ರೆಡ್ ಸೀಡರ್ ಪೊದೆಯ ಕೆಳಗೆ, ಕಾಲು ಮಡಿಸಿಕೊಂಡು, ಮಲಗಿದ ಹಾಗೇ ಪ್ರಾಣ ಬಿಟ್ಟಿತ್ತು. ಯಜಮಾನರು ಟೋಪಿ ತೆಗೆದರು. ನಾನು ಅದರ ಕತ್ತಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತೆ. ಯಾರೂ ಅವಸರ ಮಾಡಲಿಲ್ಲ.

ಹಸಿಗೆ, ಅಂದರೆ ಸೀಳಿ ಕರುಳು ತೆಗೆಯುವ ಕೆಲಸ, ಅಲ್ಲೇ, ಚಳಿಯಲ್ಲಿ. ಹೊಟ್ಟೆ ಒಡೆದಿದ್ದರಿಂದ ಒಳಗಿನ ಬೆನ್ನಿನ ಮೆತ್ತನೆಯ ಮಾಂಸ ಹಾಳಾಗಿತ್ತು, ತೆಗೆದು ಬಿಸಾಡಬೇಕಾಯಿತು. ಹೊಡೆದ ಜಿಂಕೆಯನ್ನು ಸಿಕ್ಕಿದ ಮರುದಿನ ಸಂಜೆ ಐದರೊಳಗೆ ಇಲಾಖೆಗೆ ನೋಂದಾಯಿಸಬೇಕು, ಫೋನಿನಲ್ಲೇ ಆಗುತ್ತದೆ. ತಲೆಯನ್ನು ಪರೀಕ್ಷೆಗೆ ಕೊಡುವುದು ನಮ್ಮ ಕ್ಯಾಂಪಿನ ಕಟ್ಟುಪಾಡು. ಈ ರಾಜ್ಯದಲ್ಲಿ 2002ರಲ್ಲಿ ಮೊದಲ ಸಲ ಕಂಡ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ನಮ್ಮ ಭಾಗದಲ್ಲಿ ತುಂಬಾ ಇದೆ. ಮಿದುಳನ್ನು ತಿನ್ನುವ, ಮದ್ದಿಲ್ಲದ ರೋಗ. ಅದಕ್ಕೆ ಕಾರಣವಾದ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್ ಎಷ್ಟು ಬೇಯಿಸಿದರೂ ನಾಶವಾಗುವುದಿಲ್ಲ. ಹೊರಗಿನಿಂದ ಜಿಂಕೆ ದಷ್ಟಪುಷ್ಟವಾಗಿಯೇ ಕಾಣಬಹುದು. ಅದಕ್ಕೇ ಕೈಗೆ ಗ್ಲೌಸ್, ಬೆನ್ನುಮೂಳೆಗೆ ಗರಗಸ ತಾಗಿಸುವಂತಿಲ್ಲ, ಫಲಿತಾಂಶ ಬರುವವರೆಗೆ ಮಾಂಸದ ಪೊಟ್ಟಣಗಳ ಮೇಲೆ ಸಂಖ್ಯೆ ಬರೆದು ಫ್ರೀಜರಿನಲ್ಲಿ ಬೇರೆ ಇಡಬೇಕು. ಮೂರನೇ ವರ್ಷ ಗೆಳೆಯ ಹೊಡೆದ ಒಳ್ಳೆಯ ಗಂಡಿಗೆ ರೋಗವಿದೆ ಎಂದು ಬಂತು. ಅಷ್ಟೂ ಮಾಂಸ ಎಸೆದೆವು. ಅವನ ಮುಖ ನೋಡಲಾಗಲಿಲ್ಲ.

ನನ್ನದಕ್ಕೆ ಏನೂ ಇರಲಿಲ್ಲ. ಇಲ್ಲಿಯವರು ಜಿಂಕೆ ಮಾಂಸಕ್ಕೆ ಹಸಿ ವಾಸನೆ ಎಂದು ದೂರುವುದು ಹೆಚ್ಚಾಗಿ ಕೊಬ್ಬಿನಿಂದ. ಅದರ ಕೊಬ್ಬು ಮೇಣದ ಹಾಗೆ ಬಾಯಿಗೆ ಮೆತ್ತಿಕೊಳ್ಳುತ್ತದೆ. ಕೊಬ್ಬನ್ನೂ ಬಿಳಿ ಪೊರೆಯನ್ನೂ ತಾಳ್ಮೆಯಿಂದ ಬಿಡಿಸಿದರೆ ವಾಸನೆ ಹೋಗುತ್ತದೆ. ಕತ್ತಿನ ಬಾಡನ್ನು ಕುಕ್ಕರಿನಲ್ಲಿ ಬೇಯಿಸಿ, ಊರಿನಿಂದ ತಂದ ಕಾಳುಮೆಣಸು ಕುಟ್ಟಿ, ಈರುಳ್ಳಿ, ಕರಿಬೇವಿನ ಜೊತೆ ಕಬ್ಬಿಣದ ಬಾಣಲೆಯಲ್ಲಿ ಒಣಗುವವರೆಗೆ ಹುರಿದೆ. ಜೊತೆಗೆ ಅಕ್ಕಿರೊಟ್ಟಿ. ಮೊದಲ ತಟ್ಟೆಯನ್ನು ಬೇಲಿಯಾಚೆಯ ರೈತರ ಮನೆಗೆ ಒಯ್ದೆ. ಹಿಂದಿನ ಕಾಲು ಒಂದನ್ನೂ ಅವರಿಗೇ ಕೊಟ್ಟೆ. ಬೆನ್ನಟ್ಟಿ ಹುಡುಕಿದವನಿಗೆ ಪಾಲು ತಪ್ಪಬಾರದು ಎಂದು ನಮ್ಮಜ್ಜ ಹೇಳುತ್ತಿದ್ದರಂತೆ.

ಈಗ ಯಜಮಾನರಿಗೆ ಮರ ಹತ್ತಲಾಗುವುದಿಲ್ಲ. ಹೋದ ಸೆಪ್ಟೆಂಬರಿನಲ್ಲಿ ನಾವು ನಾಲ್ವರೂ ಸೇರಿ ತೊರೆಯ ದಂಡೆಯ ಮೇಲೆ ಅವರಿಗೊಂದು ನೆಲದ ಮರಸು ಕಟ್ಟಿದೆವು. ಗಾಳಿ ಮರೆಗೆ ಹಲಗೆ, ಮೊಳಕೈ ಊರಲು ಅಡ್ಡಪಟ್ಟಿ. ಗಾಡಿ ನಿಲ್ಲಿಸುವ ಜಾಗದಿಂದ ಅಲ್ಲಿಯವರೆಗೂ ಬೇರು, ಕಲ್ಲು ತೆಗೆದು ಹಾದಿ ಸವರಿದ್ದೇವೆ. ಕೆಲಸ ಮುಗಿದ ಮೇಲೆ ಅವರು ಒಳಗೆ ಕೂತು, ಕಿಸೆಯಿಂದ ಮಿಲ್ಕ್‌ವೀಡ್ ಎಳೆಯೊಂದನ್ನು ತೆಗೆದು ಬಿಟ್ಟರು. ಅದು ನೀರಿನ ಮೇಲೆ ತೇಲುತ್ತಾ ಕೆಳಗಡೆಗೆ ಹೋಯಿತು. ಸಂಜೆಗೆ ಒಳ್ಳೆಯ ಜಾಗ ಎಂದರು. ಆಮೇಲೆ, ಈ ಸಲ ಮೆಣಸು ಸ್ವಲ್ಪ ಜಾಸ್ತಿ ತಾ ಎಂದರು.