ಗೋವಾ ರೆಸಾರ್ಟ್‌ಗೆ ಕಾರು ಹೇಳುವ ಮೊದಲು ಟಿಕೆಟ್ ನೋಡಿ

ಗೋವಾದಲ್ಲಿ ಈಗ ಎರಡು ಏರ್‌ಪೋರ್ಟ್ ಇವೆ. ಟಿಕೆಟ್‌ನಲ್ಲಿ ಜಿಒಐ ಅಂತಿದ್ದರೆ ದಾಬೋಲಿಮ್, ಜಿಒಎಕ್ಸ್ ಅಂತಿದ್ದರೆ 2023ರ ಜನವರಿಯಲ್ಲಿ ವಿಮಾನ ಹಾರಾಟ ಶುರುವಾದ ಮೋಪಾ. ನಾವು ಇದನ್ನು ನೋಡದೆ ದಾಬೋಲಿಮ್‌ಗೆ ಕಾರು ಹೇಳಿ, ಮೋಪಾದಲ್ಲಿ ಇಳಿದೆವು. ರಾತ್ರಿ ಹನ್ನೊಂದು ಗಂಟೆ, ಹೆಗಲ ಮೇಲೆ ಮಗು ನಿದ್ದೆ. ಡ್ರೈವರ್ ಪಾಪ, ದಾಬೋಲಿಮ್‌ನಲ್ಲಿ ನಮ್ಮ ಹೆಸರಿನ ಬೋರ್ಡ್ ಹಿಡಿದು ಕಾಯುತ್ತಿದ್ದರು.

ದಕ್ಷಿಣ ಗೋವಾದ ಕೊಲ್ವಾ, ಪಾಲೊಲೆಮ್ ಬೀಚ್ ಕಡೆಗೆ ದಾಬೋಲಿಮ್ ಹತ್ತಿರ. ಉತ್ತರದ ಮೋರ್ಜಿಮ್, ಅರಂಬೋಲ್ ಕಡೆಗಾದರೆ ಮೋಪಾ. ಕಾರು ಬುಕ್ ಮಾಡುವಾಗ ವಿಮಾನದ ನಂಬರ್ ಕೊಡಿ, ವಿಮಾನ ತಡವಾದರೆ ಕಾರಿನವರಿಗೇ ಗೊತ್ತಾಗುತ್ತದೆ. ಪಾರ್ಕಿಂಗ್, ರಾತ್ರಿ ಚಾರ್ಜ್, ಕಾಯುವ ಹಣ ಎಲ್ಲಾ ಸೇರಿ ಎಷ್ಟು ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಸುಮ್ನೆ ಬಾಯಿಮಾತು ಬೇಡ. ಮಕ್ಕಳ ಸೀಟು ಬೇಕಿದ್ದರೆ ಮೊದಲೇ ಕೇಳಿ.